ಬರೆದದ್ದು ಓದುಗರ ಮನೆ ಸೇರಲಿ

ಒಂದು ಶಾಲೆ ಐವತ್ತು ವಸಂತಗಳನ್ನು ಕಂಡಿತೆಂದರೆ, ಅಲ್ಲಿ ಅಕ್ಷರ ಕಲಿತವರ ಸಂಖ್ಯೆಯನ್ನು ದಾಖಲಾತಿ ಪುಸ್ತಕಗಳು ಹೇಳಬಲ್ಲವು. ಆದರೆ ಆ ಅಕ್ಷರ ಇಂದು ಎಷ್ಟು ಮಂದಿಯ ಕೈಯಲ್ಲಿ ಬರವಣಿಗೆಯಾಗಿ ಉಳಿದಿದೆ ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ಆದುದರಿಂದ, ಬರೆಯುವ ಆಸೆಯುಳ್ಳ ಹಳೆಯ ವಿದ್ಯಾರ್ಥಿಗಳಿಗೆ ಉಪಯೋಗವಾಗಬಹುದಾದ ಎರಡು ವಿಷಯಗಳನ್ನು ವಿವರಿಸುವುದು ಉಚಿತವೆಂದು ನನಗೆ ತೋರಿತು. ಒಂದು, ಬರೆದ ಲೇಖನವನ್ನು ಓದುಗರಿಗೆ ತಲುಪಿಸುವ ಬಗೆ. ಇನ್ನೊಂದು, ಹೊಸ ಬರಹಗಾರರಲ್ಲಿ ಹಲವರು ಮೊದಲು ಕೈಹಾಕುವ ಪ್ರೇಮಕಥೆಗೆ ಹಂದರ ಕಟ್ಟುವ ಬಗೆ.

ಸೇಲಂ–ಧರ್ಮಪುರಿ ಸೀಮೆಗೆ ಕನ್ನಡ ಹೊಸದಲ್ಲ. ನೊಳಂಬರ ಕಾಲದ ಕನ್ನಡ ಶಾಸನ ಧರ್ಮಪುರಿಯಲ್ಲಿಯೇ ದೊರೆತಿದೆ. ಸೇಲಂ ಭಾಗದ ದೇವಾಂಗ ನೇಕಾರರ ಮನೆಗಳಲ್ಲಿ ಮಗ್ಗದ ಸದ್ದಿನೊಂದಿಗೆ ಕನ್ನಡದ ಮಾತೂ ತಲೆಮಾರುಗಳಿಂದ ಉಳಿದುಬಂದಿದೆ. ಪಾಪಿರೆಡ್ಡಿಪಟ್ಟಿಯ ಸುತ್ತಮುತ್ತ ಮನೆಯೊಳಗೆ ಕನ್ನಡ, ಅಂಗಡಿಬೀದಿಯಲ್ಲಿ ತಮಿಳು ಎಂಬಂತೆ ಬದುಕುವ ಕುಟುಂಬಗಳಿವೆ. ಆದರೆ ಇಂತಹ ಮನೆಗಳ ಒಂದು ವಿಶೇಷವನ್ನು ಬರಹಗಾರರು ಮರೆಯಬಾರದು. ಇಲ್ಲಿ ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಅಜ್ಜಿಯ ಕನ್ನಡವನ್ನು ಮೊಮ್ಮಗ ಪೂರ್ತಿಯಾಗಿ ಅರಿಯಬಲ್ಲ; ಆದರೆ ಕನ್ನಡದ ಪುಟವನ್ನು ಮುಂದಿಟ್ಟರೆ ಓದಲಾರ. 2006ರಲ್ಲಿ ತಮಿಳುನಾಡಿನಲ್ಲಿ ಜಾರಿಗೆ ಬಂದ ತಮಿಳು ಕಲಿಕೆಯ ಕಾಯಿದೆಯು ಒಂದನೆಯ ತರಗತಿಯಿಂದ ತೊಡಗಿ ವರ್ಷಕ್ಕೊಂದು ತರಗತಿಯಂತೆ ಮೇಲೇರಿತು. ತಾವು ಬಾಳುವ ರಾಜ್ಯದ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡದ ಓದಿಗೆ ಬೇಕಾದ ವೇಳೆ ಮತ್ತು ಆಸೆ ಇನ್ನು ಮುಂದೆ ಬಹುಮಟ್ಟಿಗೆ ಮನೆಯಿಂದಲೇ ಬರಬೇಕಾಗಿದೆ. ಓದಬೇಕೆನಿಸುವಂತಹ ಬರಹ ಕೈಗೆ ಸಿಕ್ಕದೆ ಓದುವ ಆಸೆ ಹುಟ್ಟುವುದಿಲ್ಲ. ಇಲ್ಲಿಯ ಕನ್ನಡ ಬರಹಗಾರ ಇದ್ದ ಓದುಗನನ್ನು ಹುಡುಕಿದರೆ ಸಾಲದು, ಓದುಗನನ್ನು ಹುಟ್ಟಿಸಲೂ ಬೇಕು.

ಹಿರಿಯರು ತೋರಿದ ದಾರಿ

ಬರೆಯುವುದಷ್ಟೇ ತನ್ನ ಕೆಲಸ, ಅದನ್ನು ಜನರಿಗೆ ತಲುಪಿಸುವುದು ಬೇರೆಯವರ ಹೊಣೆ ಎಂದು ತಿಳಿಯುವವರಿದ್ದಾರೆ. ತನ್ನ ಬರಹದ ಬಗ್ಗೆ ತಾನೇ ಹೇಳಿಕೊಳ್ಳುವುದು ಸಂಕೋಚದ ವಿಷಯವೆಂದು ಕೆಲವರು ಭಾವಿಸುತ್ತಾರೆ. ಕನ್ನಡ ಸಾಹಿತ್ಯದ ಚರಿತ್ರೆ ಇದಕ್ಕೆ ವಿರುದ್ಧವಾದ ಪಾಠವನ್ನು ಹೇಳುತ್ತದೆ.

ಗಳಗನಾಥರು (1869–1942) ಕನ್ನಡಿಗರಿಗೆ ಕಾದಂಬರಿ ಓದುವ ರುಚಿಯನ್ನು ಹತ್ತಿಸಿದವರಲ್ಲಿ ಮೊದಲಿಗರು. 1907ರಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ಅವರು ಮನೆಮಾತಾಗಿಸಿದರು. ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರೆಂಬುದು ಕನ್ನಡಿಗರೆಲ್ಲ ಹೆಮ್ಮೆಯಿಂದ ನೆನೆಯುವ ಸಂಗತಿ. ಅವರ ಕಾಲದಲ್ಲಿ ಮುಂಬಯಿ ಪ್ರಾಂತದ ಕನ್ನಡ ಭಾಗಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಕನ್ನಡ ಓದುವವರನ್ನು ಒಬ್ಬೊಬ್ಬರನ್ನಾಗಿ ಸಂಪಾದಿಸಬೇಕಾಗಿತ್ತು. ನಮ್ಮ ಇಂದಿನ ಸ್ಥಿತಿ ಅದಕ್ಕಿಂತ ಬಹಳ ಬೇರೆಯಾಗಿಲ್ಲ.

ನಂಜನಗೂಡಿನ ತಿರುಮಲಾಂಬಾ (1887–1982) ಬಾಲ್ಯದಲ್ಲಿಯೇ ವಿಧವೆಯಾದವರು. ಅಂದಿನ ಸಮಾಜದಲ್ಲಿ ಅಂತಹ ಹೆಣ್ಣುಮಗಳಿಗೆ ಮನೆಯ ಹೊಸಿಲನ್ನು ದಾಟುವುದೇ ಕಷ್ಟವಾಗಿತ್ತು. ಆಕೆ 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ಆರಂಭಿಸಿ ತಮ್ಮ ಕೃತಿಗಳನ್ನು ಹೊರತಂದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಹಿಳೆಯರ ಪತ್ರಿಕೆಯನ್ನೂ ನಡೆಸಿದರು. ತನ್ನ ಓದುಗರು ಯಾರೆಂಬುದು ಆಕೆಗೆ ಸ್ಪಷ್ಟವಾಗಿತ್ತು. ಮನೆಯೊಳಗಿರುವ ಹೆಣ್ಣುಮಕ್ಕಳೇ ಆ ಓದುಗರು. ಅವರು ಪುಸ್ತಕದ ಅಂಗಡಿಗೆ ಬರಲಾರರಾದ್ದರಿಂದ ಪುಸ್ತಕವೇ ಅವರಿದ್ದಲ್ಲಿಗೆ ಹೋಗಬೇಕಾಯಿತು.

ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕಗಳನ್ನು ಪ್ರಕಟಿಸಿತು. ಈ ಮೂರು ಉದಾಹರಣೆಗಳಲ್ಲಿಯೂ ಒಂದೇ ತತ್ತ್ವವಿದೆ. ಬರಹವನ್ನು ಪ್ರಚಾರ ಮಾಡುವುದೆಂದರೆ ಡಂಗುರ ಹೊಡೆಯುವುದಲ್ಲ. ಅದು ಯಾರಿಗೆ ಬೇಕಾಗಿದೆಯೋ ಅವರ ಬಾಗಿಲಿಗೆ ಒಯ್ಯುವುದು.

ಲೇಖನ ಯಾರಿಗಾಗಿ?

ತಲುಪಿಸುವ ಕೆಲಸ ಬರೆಯುವುದಕ್ಕೆ ಮುಂಚೆಯೇ ಆರಂಭವಾಗುತ್ತದೆ. ಲೇಖನವನ್ನು ಬರೆಯಲು ಕುಳಿತಾಗ ‘ಕನ್ನಡಿಗರಿಗಾಗಿ’ ಎಂದು ಹೊರಟರೆ ಅದು ಯಾರನ್ನೂ ಮುಟ್ಟುವುದಿಲ್ಲ. ಒಬ್ಬ ಓದುಗನನ್ನು ಕಣ್ಣಮುಂದೆ ನಿಲ್ಲಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ಊರಿನ ಹೆಸರು ಕೇಳಿದರೆ ಕಿವಿ ನೆಟ್ಟಗಾಗುವ ಹಳೆಯ ವಿದ್ಯಾರ್ಥಿ ಒಬ್ಬನಿರಬಹುದು. ಅಥವಾ ಧರ್ಮಪುರಿಯಲ್ಲಿ ಕನ್ನಡ ಮಾತನಾಡುವವರಿದ್ದಾರೆಂಬುದನ್ನೇ ಅರಿಯದ ಮೈಸೂರಿನ ಗೃಹಿಣಿಯಿರಬಹುದು. ಮೊದಲನೆಯವನಿಗೆ ವಾಣಿಯಾರ್ ಅಣೆಕಟ್ಟು ಎಲ್ಲಿದೆಯೆಂದು ಹೇಳಬೇಕಾಗಿಲ್ಲ. ಎರಡನೆಯವರಿಗೆ ಅದು ಸೇರ್ವರಾಯನ್ ಬೆಟ್ಟಗಳ ತಪ್ಪಲಿನಲ್ಲಿದೆಯೆಂದು ಹೇಳದೆ ಮುಂದೆ ಹೋಗುವಂತಿಲ್ಲ.

ಎರಡನೆಯದು, ವಿಷಯವನ್ನು ಕಿರಿದುಗೊಳಿಸುವುದು. ‘ನಮ್ಮ ಜಿಲ್ಲೆಯ ಇತಿಹಾಸ’ ಎಂಬ ಶೀರ್ಷಿಕೆಯ ಲೇಖನವನ್ನು ಸಂಪಾದಕರು ಬದಿಗಿಡುವ ಸಂಭವವೇ ಹೆಚ್ಚು. ಅದೇ ಸಾಮಗ್ರಿಯಿಂದ ‘ಮಾರಂಡಹಳ್ಳಿಯಲ್ಲಿ ಹಳ್ಳಿ, ಪಾಪಿರೆಡ್ಡಿಪಟ್ಟಿಯಲ್ಲಿ ಪಟ್ಟಿ: ಏಕೆ?’ ಎಂಬ ಪ್ರಶ್ನೆಯನ್ನು ಹುಟ್ಟಿಸಿದರೆ ಓದುಗ ಒಂದು ಕ್ಷಣ ನಿಲ್ಲುತ್ತಾನೆ. ಊರ ಹೆಸರುಗಳ ಕೊನೆಯ ಪದವನ್ನು ಹಿಡಿದು ಎರಡು ಭಾಷೆಗಳ ನೆರೆಹೊರೆಯ ಕಥೆಯನ್ನೇ ಹೇಳಬಹುದು. ಧರ್ಮಪುರಿ ಜಿಲ್ಲೆ 1965ರಲ್ಲಿ ಸೇಲಂ ಜಿಲ್ಲೆಯಿಂದ ಬೇರ್ಪಟ್ಟದ್ದು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದದ್ದು, ಈ ಎರಡು ಸಂಗತಿಗಳೂ ಅಂತಹ ಲೇಖನದಲ್ಲಿ ತಮ್ಮ ಸ್ಥಾನವನ್ನು ತಾವೇ ಕಂಡುಕೊಳ್ಳುತ್ತವೆ. ಮಗ್ಗದ ಭಾಗಗಳಿಗೆ ನಮ್ಮ ಮನೆಗಳಲ್ಲಿ ಬಳಸುವ ಹೆಸರುಗಳು, ಮದುವೆಯ ಶಾಸ್ತ್ರಗಳಲ್ಲಿ ಉಳಿದಿರುವ ಹಳೆಯ ಮಾತುಗಳು, ತಮಿಳಿನೊಂದಿಗೆ ಬೆರೆತು ಹೊಸ ರೂಪ ಪಡೆದ ಕನ್ನಡ ಕ್ರಿಯಾಪದಗಳು: ಇವೆಲ್ಲ ಕರ್ನಾಟಕದ ಒಳಗಿರುವ ಬರಹಗಾರರಿಗೆ ದೊರೆಯದ, ನಮಗೆ ಕೈಗೆಟಕುವ ವಿಷಯಗಳು. ಹೇಳುವವರು ಇಲ್ಲವಾದ ದಿನ ಇವೂ ಇಲ್ಲವಾಗುತ್ತವೆ.

ಮೂರನೆಯದು, ಮೊದಲ ಪ್ಯಾರಾ. ಲೇಖನದ ಮುಖ್ಯ ಸಂಗತಿ ಮೊದಲ ಐದಾರು ವಾಕ್ಯಗಳೊಳಗೆ ಬರಬೇಕು. ‘ಅನಾದಿ ಕಾಲದಿಂದಲೂ’ ಎಂದು ತೊಡಗುವ ಪೀಠಿಕೆಗಳನ್ನು ಬರೆದು ಮುಗಿಸಿದ ಮೇಲೆ ಹೊಡೆದುಹಾಕಿದರೆ, ನಿಜವಾದ ಆರಂಭ ಎರಡನೆಯ ಪ್ಯಾರಾದಲ್ಲಿ ಕುಳಿತಿರುವುದು ಅನೇಕ ವೇಳೆ ಕಂಡುಬರುತ್ತದೆ.

ಪತ್ರಿಕೆಗೆ ಕಳುಹಿಸುವಾಗ

ಯಾವ ಪತ್ರಿಕೆಗೆ ಕಳುಹಿಸಬೇಕೆಂದಿದ್ದೀರೋ ಅದರ ಐದಾರು ಸಂಚಿಕೆಗಳನ್ನಾದರೂ ಗಮನವಿಟ್ಟು ಓದಬೇಕು. ಅದರಲ್ಲಿ ಬರುವ ಲೇಖನಗಳ ಉದ್ದವೆಷ್ಟು, ಚಿತ್ರಗಳು ಬೇಕೇ, ಯಾವ ಅಂಕಣ ಹೊರಗಿನವರಿಗೆ ತೆರೆದಿದೆ ಎಂಬುದು ಇದರಿಂದ ತಿಳಿಯುತ್ತದೆ. ದಿನಪತ್ರಿಕೆಯ ಪುರವಣಿ, ವಾರಪತ್ರಿಕೆ, ಮಾಸಪತ್ರಿಕೆ ಈ ಮೂರರ ಹಸಿವು ಬೇರೆ ಬೇರೆ. 1956ರಲ್ಲಿ ಹುಟ್ಟಿದ ‘ಕಸ್ತೂರಿ’ ಮಾಹಿತಿಪೂರ್ಣವಾದ ಕಿರು ಲೇಖನಗಳಿಂದ ಹೆಸರಾಯಿತು. 1965ರಲ್ಲಿ ಆರಂಭವಾದ ‘ಸುಧಾ’ ಇಡೀ ಕುಟುಂಬ ಹಂಚಿಕೊಂಡು ಓದುವ ವಾರಪತ್ರಿಕೆಯಾಗಿ ಬೆಳೆಯಿತು. 1968ರಲ್ಲಿ ಬಂದ ‘ಮಯೂರ’ ಕಥೆಗಳಿಗೆ ಹೆಚ್ಚಿನ ಮನ್ನಣೆಯಿತ್ತಿತು. ಒಂದಕ್ಕೆ ಒಪ್ಪುವ ಲೇಖನ ಇನ್ನೊಂದಕ್ಕೆ ಒಪ್ಪದಿದ್ದರೆ ಅದು ಲೇಖನದ ದೋಷವೇ ಆಗಿರಬೇಕಾಗಿಲ್ಲ.

ಹಬ್ಬ, ಜಯಂತಿ, ರಾಜ್ಯೋತ್ಸವಗಳಿಗೆ ಹೊಂದುವ ಲೇಖನವನ್ನು ಆ ದಿನ ಹತ್ತಿರ ಬಂದಾಗ ಕಳುಹಿಸಿದರೆ ಪ್ರಯೋಜನವಿಲ್ಲ. ಯುಗಾದಿ, ದೀಪಾವಳಿ ವಿಶೇಷಾಂಕಗಳ ಪುಟಗಳು ಬಹಳ ಮುಂಚಿತವಾಗಿಯೇ ತುಂಬಿಹೋಗುತ್ತವೆ. ಎರಡು ಮೂರು ತಿಂಗಳ ಮೊದಲೇ ಕಳುಹಿಸುವುದು ಲೇಸು. ಈಗ ಬೆರಳಚ್ಚು ಮಾಡಿ ಮಿಂಚಂಚೆಯಲ್ಲಿ ಕಳುಹಿಸುವುದು ವಾಡಿಕೆಯಾದ್ದರಿಂದ, ಯಾವ ಯಂತ್ರದಲ್ಲಿ ತೆರೆದರೂ ಅಕ್ಷರ ಕಲಸಿಹೋಗದಂತೆ ಯೂನಿಕೋಡ್ ಲಿಪಿಯಲ್ಲಿರಬೇಕು. ಜೊತೆಗೆ ನಾಲ್ಕು ಸಾಲಿನ ಪತ್ರ ಸಾಕು: ಲೇಖನ ಯಾವುದರ ಬಗ್ಗೆ, ಈಗ ಏಕೆ, ಇದನ್ನು ಬರೆಯಲು ನಿಮಗಿರುವ ಆಧಾರವೇನು. ಒಂದೇ ಲೇಖನವನ್ನು ಏಕಕಾಲದಲ್ಲಿ ನಾಲ್ಕು ಪತ್ರಿಕೆಗಳಿಗೆ ಕಳುಹಿಸಿ, ಎರಡರಲ್ಲಿ ಅಚ್ಚಾದರೆ ಆ ಬರಹಗಾರನ ಮೇಲಿನ ನಂಬಿಕೆ ಅಲ್ಲಿಗೆ ಮುಗಿಯುತ್ತದೆ. ಉತ್ತರ ಬಾರದಿದ್ದಾಗ ಒಂದು ಜ್ಞಾಪನ ಪತ್ರ ಬರೆದು, ಅದಕ್ಕೂ ಉತ್ತರವಿಲ್ಲದಿದ್ದರೆ ಲೇಖನವನ್ನು ಹಿಂಪಡೆದಿರುವುದಾಗಿ ತಿಳಿಸಿ, ಆ ಬಳಿಕ ಬೇರೆಡೆಗೆ ಕಳುಹಿಸುವುದು ಸಭ್ಯವಾದ ಕ್ರಮ.

ಹಕ್ಕಿನ ವಿಷಯದಲ್ಲಿಯೂ ಒಂದು ಮಾತು. ಭಾರತದ ಕೃತಿಸ್ವಾಮ್ಯ ಕಾಯಿದೆ 1957ರದು. ಅದರಂತೆ ಕೃತಿಯ ಹಕ್ಕು ಲೇಖಕರ ಜೀವಿತಾವಧಿಯಲ್ಲಿಯೂ ಆ ನಂತರ 60 ವರ್ಷಗಳೂ ಇರುತ್ತದೆ. ಹಕ್ಕನ್ನು ಬೇರೆಯವರಿಗೆ ವಹಿಸುವುದು ಬರಹದ ಮೂಲಕವೇ ಆಗಬೇಕು. ಅವಧಿಯನ್ನು ಬರೆಯದಿದ್ದಲ್ಲಿ ಅದನ್ನು ಐದು ವರ್ಷವೆಂದು ಕಾಯಿದೆ ಪರಿಗಣಿಸುತ್ತದೆ. ಆದುದರಿಂದ ಪ್ರಕಾಶಕರು ನೀಡುವ ಒಪ್ಪಂದವನ್ನು ಓದದೆ ರುಜು ಹಾಕಬಾರದು.

ಅಚ್ಚಾದ ಮೇಲೆ

ಲೇಖನ ಅಚ್ಚಾದೊಡನೆ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ನಮ್ಮ ಸೀಮೆಯಲ್ಲಿ ಕೆಲಸ ಆರಂಭವಾಗುವುದೇ ಆಗ. ಲೇಖನಕ್ಕೆ ಮಾಹಿತಿ ಕೊಟ್ಟವರಿಗೆ ಅದರ ಪ್ರತಿಯನ್ನು ಮೊದಲು ತಲುಪಿಸಬೇಕು. ಅವರಿಗೆ ಕನ್ನಡ ಓದಲು ಬಾರದಿದ್ದರೆ ಅವರ ಮನೆಯ ಜಗುಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿ ಹೇಳಬೇಕು. ತಮ್ಮ ಮಾತು ಕನ್ನಡದಲ್ಲಿ ಅಚ್ಚಾಗಿದೆಯೆಂದು ಕೇಳಿದವರು ಮರುದಿನ ಇನ್ನೊಂದು ಸಂಗತಿಯನ್ನು ನೆನಪು ಮಾಡಿಕೊಂಡು ಬರುತ್ತಾರೆ. ಹೀಗೆ ಒಂದು ಲೇಖನ ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ.

ಓದಿ ಹೇಳುವುದು ನಮ್ಮ ಸಂಪ್ರದಾಯಕ್ಕೆ ಹೊಸದಲ್ಲ. ಗಮಕಿಗಳು ಕಾವ್ಯವನ್ನು ಓದಿ ವ್ಯಾಖ್ಯಾನಿಸುತ್ತಿದ್ದುದರಿಂದಲೇ ಅಕ್ಷರ ಬಾರದವರಿಗೂ ಕುಮಾರವ್ಯಾಸ, ಲಕ್ಷ್ಮೀಶರ ಪರಿಚಯವಿತ್ತು. ಕಿವಿಗೆ ಕನ್ನಡ ಗೊತ್ತಿರುವ ಊರಿನಲ್ಲಿ ಈ ಪದ್ಧತಿಗೆ ಮರಳುವುದು ಬುದ್ಧಿವಂತಿಕೆಯೇ ಸರಿ. ಹಬ್ಬದ ಸಂಜೆ, ಶಾಲೆಯ ವಾರ್ಷಿಕೋತ್ಸವ, ಮದುವೆಯ ಮರುದಿನದ ಬಿಡುವು, ಎಲ್ಲಿಯಾದರೂ ಹದಿನೈದು ನಿಮಿಷ ಸಿಕ್ಕರೆ ಒಂದು ಬರಹವನ್ನು ಓದಬಹುದು. ದೂರದಲ್ಲಿರುವವರಿಗೆ ಅದೇ ಓದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳುಹಿಸಬಹುದು. ಗಳಗನಾಥರ ತಲೆಯ ಮೇಲಿನ ಗಂಟಿಗಿಂತ ಇದು ಬಹಳ ಹಗುರವಾದ ಹೊರೆ.

ಶಾಲೆಯಲ್ಲಿ ಕೈಬರಹದ ಪತ್ರಿಕೆಯೊಂದನ್ನು ತಿಂಗಳಿಗೊಮ್ಮೆ ಗೋಡೆಗೆ ಹಚ್ಚುವುದೂ ಉತ್ತಮ ಸಾಧನ. ಮಕ್ಕಳು ತಮ್ಮ ಮನೆಯ ಹಿರಿಯರಿಂದ ಕೇಳಿದ್ದನ್ನು ಬರೆದರೆ, ತಂದೆತಾಯಿಗಳು ಮಗುವಿನ ಹೆಸರನ್ನು ನೋಡಲೆಂದೇ ಬಂದು ಕನ್ನಡದ ಸಾಲನ್ನು ಕೂಡಿಸಿ ಓದುತ್ತಾರೆ.

ಪ್ರೇಮಕಥೆಯ ಹಂದರ

ಇನ್ನು ಎರಡನೆಯ ವಿಷಯಕ್ಕೆ ಬರುತ್ತೇನೆ. ಲೇಖನಕ್ಕೆ ಓದುಗರನ್ನು ಒಬ್ಬೊಬ್ಬರನ್ನಾಗಿ ಕೂಡಿಸಬೇಕಾಗುತ್ತದೆ. ಪ್ರೇಮಕಥೆಯಾದರೋ ತಾನೇ ಓದುಗರನ್ನು ಎಳೆದು ತರುತ್ತದೆ. ಕನ್ನಡದಲ್ಲಿ ಮನೆಮನೆಗೆ ಓದುವ ಹವ್ಯಾಸವನ್ನು ಹಬ್ಬಿಸಿದ್ದರಲ್ಲಿ ಕುಟುಂಬ ಹಾಗೂ ಪ್ರೇಮವನ್ನು ಕುರಿತ ಕಾದಂಬರಿಗಳ ಪಾಲು ಬಹಳ ದೊಡ್ಡದು. ಅವುಗಳನ್ನು ಹಗುರವಾಗಿ ಕಾಣುವುದು ಸರಿಯಲ್ಲ.

1950ರ ದಶಕದಲ್ಲಿ ಬರೆಯಲು ತೊಡಗಿದ ತ್ರಿವೇಣಿಯವರು 1963ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಳ್ಳುವ ಹೊತ್ತಿಗೆ ಸುಮಾರು ಇಪ್ಪತ್ತು ಕಾದಂಬರಿಗಳನ್ನು ರಚಿಸಿದ್ದರು. ಅವರ ‘ಬೆಳ್ಳಿಮೋಡ’ 1967ರಲ್ಲಿಯೂ ‘ಶರಪಂಜರ’ 1971ರಲ್ಲಿಯೂ ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ ಚಲನಚಿತ್ರಗಳಾಗಿ, ಪುಸ್ತಕ ಓದದವರನ್ನೂ ತಲುಪಿದವು. ‘ಬೆಳ್ಳಿಮೋಡ’ದ ಹಂದರವನ್ನು ಬಿಡಿಸಿ ನೋಡಿದರೆ ಹೊಸ ಬರಹಗಾರನಿಗೆ ಒಂದು ಪಾಠಶಾಲೆಯೇ ದೊರೆಯುತ್ತದೆ. ತೋಟದ ಶ್ರೀಮಂತರ ಒಬ್ಬಳೇ ಮಗಳು ಇಂದಿರಾ. ಆಕೆಗೂ ಮೋಹನನಿಗೂ ಮದುವೆ ನಿಶ್ಚಯವಾಗುತ್ತದೆ. ಅವಳ ತಂದೆಯ ಹಣದಿಂದ ಮೋಹನ ಓದಲು ವಿದೇಶಕ್ಕೆ ಹೋಗುತ್ತಾನೆ. ಆ ನಡುವೆ ಇಂದಿರೆಗೆ ತಮ್ಮನೊಬ್ಬ ಹುಟ್ಟಿ, ಆಸ್ತಿ ಅವಳ ಪಾಲಿಗೆ ಬರುವುದಿಲ್ಲವೆಂದಾಗುತ್ತದೆ. ಮೋಹನನ ಮನಸ್ಸು ತಿರುಗುತ್ತದೆ. ಮುಂದೆ ಕಾಲಿಗೆ ಪೆಟ್ಟಾಗಿ ಅವನು ಮಲಗಿದಾಗ ಇಂದಿರೆಯೇ ಶುಶ್ರೂಷೆ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಮದುವೆಯಾಗಲು ಮುಂದೆ ಬಂದಾಗ ಆಕೆ ಒಲ್ಲೆನೆನ್ನುತ್ತಾಳೆ.

ಇಲ್ಲಿ ಖಳನಾಯಕನಿಲ್ಲ. ಒಂದು ಮಗುವಿನ ಜನನವೆಂಬ ಶುಭಸಂಗತಿಯೇ ಪ್ರೇಮಕ್ಕೆ ಒರೆಗಲ್ಲಾಗುತ್ತದೆ. ಕಥೆ ಮುಗಿಯುವುದು ಮದುವೆಯಿಂದಲ್ಲ, ನಾಯಕಿಯ ನಿರ್ಧಾರದಿಂದ. ಇವೆರಡನ್ನೂ ನಾನು ಪ್ರೇಮಕಥೆಯ ಮುಖ್ಯ ಸೂತ್ರಗಳೆಂದು ತಿಳಿಯುತ್ತೇನೆ: ಅಡ್ಡಿ ಮನೆಯೊಳಗಿನಿಂದಲೇ ಹುಟ್ಟಬೇಕು, ಕಡೆಯ ಮಾತು ಪಾತ್ರದ ಆಯ್ಕೆಯಿಂದ ಬರಬೇಕು.

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಪ್ರೇಮ ಕಾದಂಬರಿಯೆಂದು ಕರೆಸಿಕೊಳ್ಳುವುದಿಲ್ಲ. ಆದರೂ ಕಾತ್ಯಾಯನಿ ಮತ್ತು ರಾಜ ಒಬ್ಬರನ್ನೊಬ್ಬರು ಸೇರುವ ಬಗೆಯನ್ನು ಗಮನಿಸಬೇಕು. ವಿಧವೆಯಾದ ಕಾತ್ಯಾಯನಿ ಓದಿಗಾಗಿ ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗಿ ಬರುತ್ತಾಳೆ. ಮಾವನವರ ಮನೆಯ ಶಿಸ್ತು ಒಂದು ತುದಿ, ಕಾಲೇಜು ಇನ್ನೊಂದು ತುದಿ. ನಡುವೆ ನಿತ್ಯದ ಪ್ರಯಾಣ. ಇಬ್ಬರನ್ನು ಆಕಸ್ಮಿಕವಾಗಿ ಮತ್ತೆ ಮತ್ತೆ ಭೇಟಿ ಮಾಡಿಸುವ ಬದಲು, ಭೇಟಿ ಸಹಜವಾಗುವಂತಹ ದಿನಚರಿಯನ್ನು ಕಲ್ಪಿಸಬೇಕೆಂಬುದು ಇಲ್ಲಿಯ ಪಾಠ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ ಎಂಬ ಬೇರೆ ಬೇರೆ ಸ್ಥಿತಿಗತಿಯ ಜೋಡಿಗಳನ್ನು ಒಂದೇ ಮಲೆನಾಡಿನಲ್ಲಿಟ್ಟು, ಒಲವು ಒಂದೇ ಆದರೂ ಅದಕ್ಕೆದುರಾಗುವ ಅಡ್ಡಿಗಳು ಜಾತಿ, ಅಂತಸ್ತುಗಳಿಗೆ ತಕ್ಕಂತೆ ಹೇಗೆ ಬದಲಾಗುತ್ತವೆಂಬುದನ್ನು ತೋರಿಸುತ್ತದೆ.

ಹೊರನಾಡಿನ ಒಂದು ಉದಾಹರಣೆಯೂ ಉಪಯುಕ್ತ. ಇಂಗ್ಲೆಂಡಿನ ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ 61 ಅಧ್ಯಾಯಗಳಿವೆ. ನಾಯಕ ತನ್ನ ಪ್ರೀತಿಯನ್ನು ಮೊದಲು ನಿವೇದಿಸಿಕೊಳ್ಳುವುದು 34ನೆಯ ಅಧ್ಯಾಯದಲ್ಲಿ, ಅಂದರೆ ನಡುಭಾಗದಲ್ಲಿ. ನಾಯಕಿ ಅವನನ್ನು ತಿರಸ್ಕರಿಸುತ್ತಾಳೆ. ಉಳಿದ ಅರ್ಧ ಭಾಗದಲ್ಲಿ ಇಬ್ಬರೂ ತಮ್ಮನ್ನು ತಾವು ತಿದ್ದಿಕೊಳ್ಳುತ್ತಾರೆ. ಪ್ರೇಮ ನಿವೇದನೆಯನ್ನು ಕಡೆಯವರೆಗೆ ಬಚ್ಚಿಟ್ಟು ಕಥೆಯನ್ನು ಎಳೆಯುವ ಅಭ್ಯಾಸವುಳ್ಳವರು ಇದನ್ನು ಅವಶ್ಯ ಗಮನಿಸಬೇಕು.

ಹಂದರವನ್ನು ಪರೀಕ್ಷಿಸಲು ಸುಲಭವಾದ ಉಪಾಯವೊಂದಿದೆ. ಕಥೆಯ ಘಟನೆಗಳನ್ನು ಒಂದರ ಕೆಳಗೊಂದು ಬರೆಯಿರಿ. ಎರಡು ಘಟನೆಗಳ ನಡುವೆ ‘ಆಮೇಲೆ’ ಎಂಬ ಮಾತಷ್ಟೇ ಹೊಂದುವುದಾದರೆ ಆ ಜಾಗದಲ್ಲಿ ಹಂದರ ಸಡಿಲವಾಗಿದೆ. ‘ಆದುದರಿಂದ’ ಅಥವಾ ‘ಆದರೂ’ ಎಂಬ ಮಾತು ಹೊಂದುವುದಾದರೆ ಗಂಟು ಬಿಗಿಯಾಗಿದೆ.

ನಮ್ಮ ಊರಿನದೊಂದು ಮಾದರಿ

ಇವನ್ನೆಲ್ಲ ಒಂದು ಕಲ್ಪಿತ ಕಥೆಗೆ ಅನ್ವಯಿಸಿ ನೋಡೋಣ. ನಾಯಕಿ ಕನ್ನಡ ಶಾಲೆಯಲ್ಲಿ ಓದಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಾದಿಯಾಗಿರುವ ಹುಡುಗಿ. ನಾಯಕ ಅರಿಶಿನದ ಮಂಡಿಯಲ್ಲಿ ಲೆಕ್ಕ ಬರೆಯುವ ತಮಿಳು ಮನೆಯ ಹುಡುಗ. ಅವನ ತಾಯಿಗೆ ಚಿಕಿತ್ಸೆ ನಡೆಯುತ್ತಿರುವುದರಿಂದ ವಾರಕ್ಕೊಮ್ಮೆ ಆರೋಗ್ಯ ಕೇಂದ್ರಕ್ಕೆ ಬರಲೇಬೇಕು. ಭೇಟಿಗೆ ಕಾರಣ ಸಹಜವಾಯಿತು. ಅಡ್ಡಿ ಯಾವುದು? ಹುಡುಗಿಯ ಸೋದರಮಾವ. ಅವನು ಕೆಟ್ಟವನಲ್ಲ. ಅವಳ ಓದಿಗೆ ಹಣವಿಲ್ಲದಿದ್ದಾಗ ತನ್ನ ಹೊಲವನ್ನು ಒತ್ತೆಯಿಟ್ಟವನು ಅವನೇ. ಆಗ ತಾಯಿ ತನ್ನ ತಮ್ಮನಿಗೆ ಮಾತು ಕೊಟ್ಟಿದ್ದಾಳೆ. ಸೋದರಿಕೆಯ ಸಂಬಂಧ ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಹಕ್ಕಿನಂತೆಯೇ ನಡೆದುಬಂದಿರುವುದರಿಂದ ಓದುಗರಿಗೆ ವಿವರಣೆ ಬೇಕಾಗದು. ಪ್ರೇಮಕ್ಕೆ ಎದುರಾಗಿ ನಿಂತಿರುವುದು ಇಲ್ಲಿ ದ್ವೇಷವಲ್ಲ, ಋಣ. ಋಣ ದ್ವೇಷಕ್ಕಿಂತ ಬಲವಾದ ಅಡ್ಡಿ.

ನಡುಭಾಗಕ್ಕೆ ಭಾಷೆಯೇ ಒಂದು ಪ್ರಸಂಗವನ್ನು ಒದಗಿಸುತ್ತದೆ. ಹುಡುಗ ಅವಳ ಅಜ್ಜಿಯನ್ನು ಒಲಿಸಿಕೊಳ್ಳಲು ನಾಲ್ಕು ಸಾಲು ಕನ್ನಡವನ್ನು ತಮಿಳು ಲಿಪಿಯಲ್ಲಿ ಬರೆದು ಕಳುಹಿಸುತ್ತಾನೆಂದು ಇಟ್ಟುಕೊಳ್ಳಿ. ತಮಿಳು ಲಿಪಿಯಲ್ಲಿ ಕ–ಗ, ಪ–ಬಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ‘ಕಂಡ’ ಎಂಬುದೂ ‘ಗಂಡ’ ಎಂಬುದೂ ಅಲ್ಲಿ ಒಂದೇ ರೀತಿ ಕಾಣುತ್ತವೆ. ಕಾಗದವನ್ನು ಗಟ್ಟಿಯಾಗಿ ಓದಿ ಹೇಳುವ ನೆರೆಮನೆಯ ಹುಡುಗ ಒಂದು ಅಕ್ಷರವನ್ನು ತಪ್ಪಿ ಓದಿದರೆ ಸಾಕು, ಗುಟ್ಟಾಗಿದ್ದ ವಿಷಯ ಪಡಸಾಲೆಗೆ ಬಂದಂತಾಯಿತು. ಓದುಗರು ನಗುತ್ತಾರೆ, ನಗುತ್ತಲೇ ಮುಂದೇನೆಂದು ಹೆದರುತ್ತಾರೆ.

ಕೊನೆಯ ಭಾಗಕ್ಕೆ ಕಾಲಮಿತಿಯೊಂದು ಬೇಕು. 1954ರ ವಿಶೇಷ ವಿವಾಹ ಕಾಯಿದೆಯಂತೆ ಮದುವೆಯಾಗಬಯಸುವವರು ವಿವಾಹಾಧಿಕಾರಿಗೆ ಮುಂಚಿತವಾಗಿ ನೋಟೀಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಎದ್ದು ಕಾಣುವ ಜಾಗದಲ್ಲಿ ಹಚ್ಚುತ್ತಾರೆ. ಆಕ್ಷೇಪಣೆಗೆ 30 ದಿನಗಳ ಅವಕಾಶವಿರುತ್ತದೆ. ಈ ಮೂವತ್ತು ದಿನಗಳು ಕಥೆಗಾರನಿಗೆ ದೊರೆತ ವರದಾನ. ಸೋದರಮಾವ ಯಾವುದೋ ಕೆಲಸಕ್ಕೆಂದು ಹೋದವನು ಆ ಹಾಳೆಯನ್ನು ನೋಡಬಹುದು. ಅಥವಾ ಅವನು ನೋಡುವ ಮುನ್ನ ಹುಡುಗಿಯೇ ಹೋಗಿ ಎಲ್ಲವನ್ನೂ ಅವನೆದುರಿಗೆ ಹೇಳಬಹುದು. ಎರಡನೆಯದನ್ನೇ ನಾನು ಆರಿಸುತ್ತೇನೆ. ಅದರಲ್ಲಿ ಅವಳ ಸ್ವಭಾವ ಹೊರಬೀಳುತ್ತದೆ. ಋಣವನ್ನು ಒಪ್ಪಿಕೊಂಡು, ಹೊಲವನ್ನು ಬಿಡಿಸಿಕೊಡುವ ಹೊಣೆಯನ್ನು ತಾನೇ ಹೊತ್ತು, ಆದರೆ ಋಣಕ್ಕೆ ತನ್ನನ್ನು ಕೊಟ್ಟುಕೊಳ್ಳಲಾರೆನೆಂದು ಅವಳು ಹೇಳುವ ಆ ಮಾತುಕತೆಯೇ ಕಥೆಯ ಶಿಖರ. ಮಾವ ಏನೆನ್ನುತ್ತಾನೆಂಬುದನ್ನು ಅವನ ಪಾತ್ರವನ್ನು ನೀವು ಕಟ್ಟಿದ ಬಗೆಯೇ ತೀರ್ಮಾನಿಸಬೇಕು.

ಒಂದು ಎಚ್ಚರಿಕೆ. ಬೇಡವೆಂದ ಹುಡುಗಿಯ ಹಿಂದೆ ಬಿದ್ದು ಪೀಡಿಸುವುದನ್ನು ಪ್ರೇಮವೆಂದು ಚಿತ್ರಿಸಬಾರದು. ಊರಿನಲ್ಲಿ ನಡೆದ ನಿಜವಾದ ಪ್ರಸಂಗವನ್ನು, ಯಾರ ಮನೆಯದೆಂದು ಗುರುತು ಸಿಗುವಂತೆ ಬರೆಯಲೂಬಾರದು. ಸಣ್ಣ ಊರಿನಲ್ಲಿ ಹೆಸರನ್ನು ಬದಲಾಯಿಸಿದರೆ ಮರೆಮಾಚಿದಂತಾಗುವುದಿಲ್ಲ. ಉದ್ಯೋಗ, ಬೀದಿ, ಸಂಬಂಧಗಳೂ ಬದಲಾಗಬೇಕು.

ಧಾರಾವಾಹಿಯೂ ಮಾತಿನ ಸೊಗಡೂ

ಪ್ರೇಮಕಥೆಗೂ ಪತ್ರಿಕೆಗೂ ಹಳೆಯ ನಂಟು. ತಮಿಳಿನಲ್ಲಿ ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ 1950ರಿಂದ 1954ರವರೆಗೆ ‘ಕಲ್ಕಿ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ, ಆ ಪುಟಗಳನ್ನು ಕತ್ತರಿಸಿ ಹೊಲಿದು ಇಟ್ಟುಕೊಂಡ ಮನೆಗಳು ಅನೇಕ. ಕನ್ನಡದ ವಾರಪತ್ರಿಕೆಗಳ ಧಾರಾವಾಹಿಗಳಿಗೂ ಅಂತಹುದೇ ಆದರ ದೊರೆತಿತ್ತು. ಕಂತುಗಳಲ್ಲಿ ಬರೆಯುವವರು ಪ್ರತಿ ಕಂತಿನಲ್ಲಿಯೂ ಹಿಂದಿನ ಒಂದು ಪ್ರಶ್ನೆಗೆ ಉತ್ತರವನ್ನಿತ್ತು, ಹೊಸದೊಂದು ಪ್ರಶ್ನೆಯನ್ನು ಎಬ್ಬಿಸಬೇಕು. ಉತ್ತರವನ್ನೇ ಕೊಡದೆ ಪ್ರಶ್ನೆಗಳನ್ನು ಪೇರಿಸುತ್ತ ಹೋದರೆ ಓದುಗನ ತಾಳ್ಮೆ ಕೆಡುತ್ತದೆ.

ಸಂಭಾಷಣೆಯಲ್ಲಿ ನಮ್ಮ ಮನೆಯ ಕನ್ನಡವನ್ನೇ ಬಳಸಲು ನಾಚಬಾರದು. ನಿರೂಪಣೆ ಗ್ರಾಂಥಿಕವಾಗಿರಲಿ, ಆದರೆ ಪಾತ್ರಗಳು ಬಾಯ್ತೆರೆದಾಗ ನಮ್ಮ ಅಜ್ಜಿಯರಂತೆಯೇ ಮಾತನಾಡಲಿ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ, ಅವರಿಗೆ ನಲವತ್ತೈದು ದಾಟಿದ ಮೇಲೆ. ಹೆಚ್ಚಿನ ಶಾಲಾ ಶಿಕ್ಷಣ ಅವರಿಗೆ ದೊರೆತಿರಲಿಲ್ಲ. ಮಲೆನಾಡಿನ ಮನೆಮಾತೇ ಅವರ ಬಂಡವಾಳವಾಗಿತ್ತು. ತಾಯಿಯ ಬಾಯಿಂದ ಕೇಳಿದ ಬಂಧುವೊಬ್ಬರ ಜೀವನವೇ ಮುಂದೆ ‘ಫಣಿಯಮ್ಮ’ (1976) ಆಯಿತು. ವಯಸ್ಸಾಯಿತೆಂದೋ ಓದು ಸಾಲದೆಂದೋ ಹಿಂಜರಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದಕ್ಕಿಂತ ಧೈರ್ಯ ಕೊಡುವ ಉದಾಹರಣೆ ಬೇಕಿಲ್ಲ.

ಲೇಖನವಾಗಲಿ ಕಥೆಯಾಗಲಿ, ಬರೆದು ಮುಗಿಸಿದ ಮೇಲೆ ಕನ್ನಡ ಓದಲು ಬಾರದ, ಆದರೆ ಕೇಳಿದರೆ ತಿಳಿಯುವ ಒಬ್ಬರಿಗೆ ಅದನ್ನು ಓದಿ ಹೇಳಿರಿ. ಅವರು ಎಲ್ಲಿ ಆಕಳಿಸುತ್ತಾರೋ ಅಲ್ಲಿ ಕತ್ತರಿ ಬೀಳಬೇಕು. ಎಲ್ಲಿ ‘ಇನ್ನೊಮ್ಮೆ ಓದು’ ಎನ್ನುತ್ತಾರೋ ಅಲ್ಲಿ ಬರಹ ಗೆದ್ದಿದೆ. ಓದಿ ಮುಗಿಸಿದಾಗ ಪಕ್ಕದಲ್ಲಿ ಕುಳಿತ ಮಗುವೊಂದು ಆ ಪುಟವನ್ನು ಕೈಗೆತ್ತಿಕೊಂಡು, ಇದರಲ್ಲಿ ಅಜ್ಜಿಯ ಹೆಸರು ಎಲ್ಲಿದೆ ಎಂದು ಹುಡುಕಿದರೆ, ಅಲ್ಲಿಗೆ ಕನ್ನಡಕ್ಕೆ ಹೊಸ ಓದುಗನೊಬ್ಬ ದೊರೆತನೆಂದೇ ತಿಳಿಯಬೇಕು. ಈ ಶಾಲೆಯಲ್ಲಿ ಅಕ್ಷರ ಕಲಿತವರೆಲ್ಲರೂ ವರ್ಷಕ್ಕೊಂದಾದರೂ ಬರಹವನ್ನು ಬರೆದು, ಅದನ್ನು ಒಂದು ಮನೆಗಾದರೂ ಒಯ್ಯಲಿ. ಮುಂದಿನ ಮಹೋತ್ಸವದ ಸಂಚಿಕೆಗೆ ಬರೆಯುವವರ ಕೊರತೆ ಬಾರದಿರಲಿ ಎಂದು ಹಾರೈಸುತ್ತೇನೆ.